ಕೆಡವಿದವನಿಗೆ ಸೊನ್ನೆ, ಉಳಿಸಿದವನಿಗೆ ಇಪ್ಪತ್ತು

ಕಳೆದ ದೀಪಾವಳಿಗೆ ಇಲ್ಲಿನ ಕನ್ನಡಿಗರೆಲ್ಲ ಸೇರಿ ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿದ್ದ ಹಿರಿಯರು ಹಿಂದಿನ ವಾರವಷ್ಟೇ ಕಾಟ್ಸ್‌ವೋಲ್ಡ್ಸ್ ಸುತ್ತಿ ಬಂದಿದ್ದರು. ಫೋನ್ ತೆಗೆದು ಒಂದೊಂದೇ ಚಿತ್ರ ತೋರಿಸಿದರು. ಜೇನುಬಣ್ಣದ ಕಲ್ಲಿನ ಮನೆಗಳು, ಬಾಗಿಲ ಮೇಲೆ ಹಬ್ಬಿದ ಗುಲಾಬಿ. ‘ನೋಡಿ, ನಾನೂರು ವರ್ಷದ ರೈತರ ಮನೆ! ಹೇಗೆ ಇಟ್ಟುಕೊಂಡಿದ್ದಾರೆ. ನಮ್ಮವರಾಗಿದ್ದರೆ ಯಾವತ್ತೋ ಕೆಡವಿ ಮೂರಂತಸ್ತು ಎಬ್ಬಿಸುತ್ತಿದ್ದರು’ ಅಂದರು. ಸುತ್ತಲಿದ್ದವರು ತಲೆಯಾಡಿಸಿದರು. ಈ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಮೊದಮೊದಲು ನಾನೂ ಆಡಿದ್ದೇನೆ. ಅವತ್ತು ಎಲೆಯಲ್ಲಿ ಹೋಳಿಗೆ ಇತ್ತು, ಸುಮ್ಮನಾದೆ. ಈಗ ಹೇಳುತ್ತೇನೆ: ಈ ಮಾತು ಸುಳ್ಳು. ಇಂಗ್ಲಿಷರನ್ನು ಹೊಗಳುವ ನೆಪದಲ್ಲಿ ನಮ್ಮ ಊರಿನ ಬಡಪಾಯಿಗಳನ್ನು ಬೈಯುವ ಸೋಮಾರಿ ಮಾತು ಅದು.

ನಾನು ಇತಿಹಾಸಕಾರನಲ್ಲ, ವಾಸ್ತುಶಿಲ್ಪಿಯೂ ಅಲ್ಲ. ಬಿ.ಕಾಂ., ಸಿ.ಎ. ಮಾಡಿ ಬಂದ ಲೆಕ್ಕಿಗ. ಆದರೆ ಹಳೆಯ ಕಲ್ಲಿನ ಮನೆಯೊಂದನ್ನು ಕೊಂಡು ಅದರೊಳಗೆ ಬದುಕುತ್ತಿದ್ದೇನೆ, ಅದರ ಬಿಲ್ಲುಗಳನ್ನು ಕಟ್ಟುತ್ತಿದ್ದೇನೆ. ನನ್ನ ವಾದ ಇಷ್ಟೇ. ಹಳೆಯ ಮನೆ ಉಳಿಯುವುದೋ ಬೀಳುವುದೋ ಎಂಬುದನ್ನು ಒಂದು ಜನಾಂಗದ ಸಂಸ್ಕಾರ ತೀರ್ಮಾನಿಸುವುದಿಲ್ಲ. ದುರಸ್ತಿಗೆ ಎಷ್ಟು ಖರ್ಚು, ಆ ಖರ್ಚಿನ ಮೇಲೆ ಸರ್ಕಾರ ಎಷ್ಟು ಕಿತ್ತುಕೊಳ್ಳುತ್ತದೆ ಎಂಬುದು ತೀರ್ಮಾನಿಸುತ್ತದೆ. ಈ ಲೆಕ್ಕದಲ್ಲಿ ಇಂಗ್ಲೆಂಡ್ ದೊಡ್ಡ ತಪ್ಪು ಮಾಡುತ್ತಿದೆ. ನಾವೂ ಅದೇ ತಪ್ಪು ಮಾಡುತ್ತಿದ್ದೇವೆ.

ಮೊದಲು ಮನೆಯ ವಿಷಯ. ಅದು ಕಾಟ್ಸ್‌ವೋಲ್ಡ್ಸ್‌ನ ಚಿತ್ರದ ಮನೆಯಲ್ಲ. ಪಶ್ಚಿಮ ಯಾರ್ಕ್‌ಶೈರ್‌ನಲ್ಲಿ ಕಾಲ್ಡರ್ ಕಣಿವೆಯ ಮೇಲೆ, ಗಾಳಿಗೆ ಮೈಯೊಡ್ಡಿ ನಿಂತ ಕಪ್ಪು ಕಲ್ಲಿನ ಮನೆ. ಕಲ್ಲು ಹುಟ್ಟಿನಿಂದ ಕಪ್ಪಲ್ಲ. ಮಿಲ್‌ಸ್ಟೋನ್ ಗ್ರಿಟ್ ಎಂಬ ಒರಟು ಮರಳುಗಲ್ಲು, ಒಡೆದರೆ ಒಳಗೆ ಗೋಧಿಯ ಬಣ್ಣ. ನೂರೈವತ್ತು ವರ್ಷ ಕೆಳಗಿನ ಗಿರಣಿಗಳ ಹೊಗೆ ಕುಡಿದು ಕಪ್ಪಾಗಿದೆ. ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ 1737 ಎಂದೂ, ಕಟ್ಟಿಸಿದ ಗಂಡಹೆಂಡಿರ ಹೆಸರಿನ ಮೊದಲಕ್ಷರಗಳನ್ನೂ ಕೆತ್ತಿದ್ದಾರೆ. ಇಡೀ ಮನೆಯಲ್ಲಿ ಬರೀ ಮೆರೆಯಲಿಕ್ಕೆಂದು ಮಾಡಿದ್ದು ಅದೊಂದೇ.

ಮಿಕ್ಕಿದ್ದೆಲ್ಲ ಉಪಯೋಗಕ್ಕೆ. ಇಂಥ ಮನೆಗೆ ಇಲ್ಲಿ ‘ಲೇತ್ ಹೌಸ್’ ಎನ್ನುತ್ತಾರೆ. ಲೇತ್ ಎಂದರೆ ಕಣಜ, ಹುಲ್ಲು ಕೂಡಿಡುವ ಕಟ್ಟಡ. ವೈಕಿಂಗರ ಭಾಷೆಯಿಂದ ಬಂದ ಮಾತು. ವಾಸದ ಮನೆ, ಕಣಜ, ದನದ ಕೊಟ್ಟಿಗೆ ಮೂರೂ ಒಂದೇ ಸಾಲಿನಲ್ಲಿ, ಒಂದೇ ಮಾಡಿನಡಿ. ಕಣಜಕ್ಕೆ ಹುಲ್ಲಿನ ಗಾಡಿ ನುಗ್ಗುವಷ್ಟು ದೊಡ್ಡ ಕಮಾನು ಬಾಗಿಲು. ಹಿಮದ ರಾತ್ರಿಯಲ್ಲಿ ರೈತ ದೂರ ನಡೆಯದೆ ದನ ನೋಡಬಹುದಿತ್ತು. ಮೂರು ಕಟ್ಟಡಕ್ಕೆ ಒಂದೇ ಮಾಡು, ಎರಡು ಗೋಡೆಗಳ ಉಳಿತಾಯ. ಮೊದಲ ಸಲ ನೋಡಿದಾಗ ನನ್ನೊಳಗಿನ ಲೆಕ್ಕಿಗ ಕೈಮುಗಿದ.

ನನ್ನ ತಾಯಿಯ ತವರು ಗುಳೇದಗುಡ್ಡದ ಹತ್ತಿರ. ಅಲ್ಲಿಯೂ ಕೆಂಪು ಮರಳುಗಲ್ಲಿನ ಮನೆ, ಹೊಸ್ತಿಲು ದಾಟಿದರೆ ಒಂದು ಬದಿಗೆ ಗ್ವಾದಲಿ, ಎತ್ತು. ಒಳಗೆ ಅಜ್ಜನ ಕುಣಿಮಗ್ಗ. ಇಲ್ಲಿನ ಕಥೆಯೂ ಅದೇ. ಈ ಗುಡ್ಡದ ಮಣ್ಣಿನಲ್ಲಿ ಓಟ್ಸ್ ಬಿಟ್ಟರೆ ಹೆಚ್ಚೇನೂ ಬೆಳೆಯುತ್ತಿರಲಿಲ್ಲ. ಹೊಟ್ಟೆ ತುಂಬಿಸಿದ್ದು ಉಣ್ಣೆ. ಮಹಡಿಯ ಮೇಲೆ ಮಗ್ಗ, ಮಗ್ಗಕ್ಕೆ ಬೆಳಕು ಬೇಕೆಂದು ತೆಳ್ಳಗಿನ ಕಲ್ಲುಕಂಬಗಳಿಂದ ಭಾಗ ಮಾಡಿದ ಉದ್ದನೆಯ ಸಾಲು ಕಿಟಕಿ. ಇಲ್ಲಿ ನೇಯ್ದ ಬಟ್ಟೆಯ ತುಂಡುಗಳನ್ನು ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲ್‌ಗೆ ಹೊತ್ತೊಯ್ದು ಮಾರುತ್ತಿದ್ದರು. 1779ರಲ್ಲಿ ತೆರೆದ ಆ ಮಾರುಕಟ್ಟೆ ಮುನ್ನೂರಕ್ಕೂ ಹೆಚ್ಚು ಕೋಣೆಗಳೊಂದಿಗೆ ಇವತ್ತಿಗೂ ನಿಂತಿದೆ. ನೇಕಾರನ ಮೊಮ್ಮಗ ನೇಕಾರರ ಮನೆಯನ್ನೇ ಕೊಂಡಿದ್ದು ಆಕಸ್ಮಿಕ. ಕೊಂಡ ಮೇಲೆ ತಿಳಿಯಿತು.

ಇನ್ನು ಗೋಡೆ. ಎರಡು ಅಡಿ ದಪ್ಪ. ಹೊರಗೊಂದು ಕಲ್ಲಿನ ಪದರ, ಒಳಗೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಪದರಗಳನ್ನು ಹಿಡಿದುಕೊಳ್ಳಲು ಅಲ್ಲಲ್ಲಿ ಗೋಡೆಯ ಈ ಮೈಯಿಂದ ಆ ಮೈಗೆ ಹಾಯುವ ಉದ್ದ ಕಲ್ಲು. ಸಂದುಗಳಲ್ಲಿ ಸುಣ್ಣದ ಗಾರೆ. ಇದು ನೀರನ್ನು ಹೊರಗೇ ತಡೆಯುವ ಗೋಡೆಯಲ್ಲ. ಮಳೆ ಬಂದಾಗ ಒಂದಿಷ್ಟು ನೀರು ಕುಡಿಯುತ್ತದೆ, ಗಾಳಿ ಬೀಸಿದಾಗ ಮೆತ್ತಗಿನ ಸುಣ್ಣದ ಸಂದುಗಳ ಮೂಲಕ ಅದನ್ನು ಬಿಟ್ಟುಕೊಡುತ್ತದೆ. ಕಲ್ಲಿಗಿಂತ ಗಾರೆ ಮೆದುವಾಗಿರಬೇಕು. ಸವೆಯುವುದಾದರೆ ಗಾರೆ ಸವೆಯಲಿ, ಐವತ್ತು ನೂರು ವರ್ಷಕ್ಕೊಮ್ಮೆ ಅದನ್ನು ಕೆರೆದು ಹೊಸದು ತುಂಬಿದರಾಯಿತು, ಕಲ್ಲು ಉಳಿಯಲಿ. ಇದು ಕಟ್ಟಿದವರ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಾರೆ ಸವಕಳಿಯ ಬಾಬತ್ತು, ಕಲ್ಲು ಬಂಡವಾಳ.

ಮಾಡಿನದೂ ಹೀಗೇ. ಹೆಂಚಿನ ಬದಲು ಮರಳುಗಲ್ಲಿನ ತೆಳು ಚಪ್ಪಡಿಗಳು. ಸೂರಿನ ಬಳಿ ದೊಡ್ಡವು, ಮೇಲೇರಿದಂತೆ ಚಿಕ್ಕವು, ಒಂದೊಂದನ್ನೂ ಓಕ್ ಮರದ ಗೂಟದಿಂದ ತೂಗುಹಾಕಿದ್ದು. ಭಾರ ವಿಪರೀತವಾದ್ದರಿಂದ ಮಾಡಿನ ಇಳಿಜಾರು ಕಡಿಮೆ. ಗೂಟ ಕೊಳೆಯುತ್ತದೆ, ಚಪ್ಪಡಿ ಕೊಳೆಯುವುದಿಲ್ಲ. ಎಲ್ಲವನ್ನೂ ಇಳಿಸಿ, ಗೂಟ ಬದಲಾಯಿಸಿ, ಅದೇ ಚಪ್ಪಡಿಗಳನ್ನು ಮತ್ತೆ ಏರಿಸಬಹುದು.

ಇಷ್ಟು ಲೆಕ್ಕಾಚಾರದಿಂದ ಕಟ್ಟಿದ ಮನೆ ನನ್ನ ಕೈಗೆ ಬಂದಾಗ ಒಳಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ತೇವ, ಕಪಾಟಿನ ಹಿಂದೆ ಬೂಷ್ಟು. ಒಂದು ಕಂಪನಿಯವರು ಬಂದು ಗೋಡೆಗೆ ರಾಸಾಯನಿಕ ಚುಚ್ಚಬೇಕು ಎಂದು ದೊಡ್ಡ ಅಂದಾಜುಪಟ್ಟಿ ಕೊಟ್ಟರು. ನಂತರ ಬಂದ ವಯಸ್ಸಾದ ಗಾರೆ ಕೆಲಸದವರು ಹೊರಗೋಡೆಯನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ ನಕ್ಕರು. ಹಿಂದಿನ ಮಾಲೀಕರಲ್ಲಿ ಯಾರೋ ಸುಣ್ಣದ ಸಂದುಗಳನ್ನೆಲ್ಲ ಕೆರೆದು ಗಟ್ಟಿ ಸಿಮೆಂಟ್ ಮೆತ್ತಿದ್ದರು. ಒಳಹೋದ ನೀರಿಗೆ ಹೊರಬರುವ ದಾರಿ ಮುಚ್ಚಿತ್ತು. ನೀರು ಕಲ್ಲಿನ ಮೂಲಕವೇ ಹೊರಡಲು ನೋಡಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲಿನ ಮುಖವನ್ನೇ ಪದರಪದರವಾಗಿ ಉದುರಿಸುತ್ತಿತ್ತು. ಸಿಮೆಂಟು ಮಾತ್ರ ನೆಟ್ಟಗೆ ನಿಂತಿತ್ತು. ಬಂಡವಾಳ ಕರಗಿ ಸವಕಳಿ ಉಳಿದ ಹಾಗೆ.

ಹೀಗೆ ಮಾಡಿದವರು ಯಾರು? ಇಂಗ್ಲಿಷರೇ. ಪೋರ್ಟ್‌ಲೆಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್ಡಿನ್ ನಮ್ಮ ಪಕ್ಕದ ಲೀಡ್ಸ್‌ನವನೇ. ಇದೇ ಬೆಟ್ಟಸಾಲಿನ ಹವರ್ತ್‌ನಲ್ಲಿ ಟಾಪ್ ವಿದೆನ್ಸ್ ಎಂಬ ರೈತಮನೆಯಿದೆ. ‘ವುದರಿಂಗ್ ಹೈಟ್ಸ್’ ಕಾದಂಬರಿಗೆ ಅದೇ ಜಾಗ ಸ್ಫೂರ್ತಿ ಎಂದು ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಷ್ಟು ಖ್ಯಾತಿಯ ಮನೆಗೆ ಮಾಡಿಲ್ಲ, ಪಾಳುಗೋಡೆಗಳಷ್ಟೇ ಇವೆ. ಇಪ್ಪತ್ತನೆಯ ಶತಮಾನದಲ್ಲಿ ಈ ದೇಶದ ಜಮೀನುದಾರರೇ ತಮ್ಮ ಬಂಗಲೆಗಳನ್ನು ನೂರಾರು ಸಂಖ್ಯೆಯಲ್ಲಿ ಕೆಡವಿಸಿದರು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಆ ನಾಶವನ್ನೇ ವಿಷಯವಾಗಿಟ್ಟು ಪ್ರದರ್ಶನ ನಡೆಸಿತು. ಬಂಗಲೆಗಳ ಗತಿಯೇ ಇದಾದರೆ ಗುಡ್ಡದ ರೈತಮನೆಗಳನ್ನು ಕೇಳುವವರು ಯಾರು? ಕೆಡವುವುದು ನಿಂತದ್ದು ಸಂಸ್ಕಾರ ಉಕ್ಕಿ ಬಂದದ್ದರಿಂದಲ್ಲ. 1940ರ ದಶಕದಲ್ಲಿ ಪಟ್ಟಿ ಮಾಡುವ ಕೆಲಸ ಶುರುವಾಗಿ, 1968ರ ಕಾಯ್ದೆ ಪಟ್ಟಿಗೆ ಸೇರಿದ ಕಟ್ಟಡ ಮುಟ್ಟಲು ಅನುಮತಿ ಕಡ್ಡಾಯ ಮಾಡಿತು. ಇವತ್ತು ಅನುಮತಿಯಿಲ್ಲದೆ ಲಿಸ್ಟೆಡ್ ಮನೆಯ ಸ್ವರೂಪ ಬದಲಿಸಿದರೆ ಅದು ಅಪರಾಧ. ಕಾನೂನಿನ ಭಯ ದೊಡ್ಡದು. ಅದು ಒಳ್ಳೆಯದೇ, ನನ್ನ ತಕರಾರಿಲ್ಲ.

ತಕರಾರಿರುವುದು ಕಾನೂನಿನ ಬಲಗೈ ಮಾಡುವುದನ್ನು ಖಜಾನೆಯ ಎಡಗೈ ಕೆಡಿಸುವುದರ ಬಗ್ಗೆ.

ಬ್ರಿಟನ್ನಿನ ವ್ಯಾಟ್ ನಿಯಮ ಹೀಗಿದೆ. ಹೊಲದ ನಡುವೆ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಪಟ್ಟಿಗೆ ಸೇರದ ಹಳೆಯ ಕಲ್ಲಿನ ಮನೆಯನ್ನು ನೆಲಸಮ ಮಾಡಿ ಅದೇ ಜಾಗದಲ್ಲಿ ಹೊಸದು ಕಟ್ಟಿದರೂ ಸೊನ್ನೆ. ಇರುವ ಮನೆಯ ಮಾಡು ಸರಿಪಡಿಸಿದರೆ, ಸಂದಿನ ಸಿಮೆಂಟು ಕೆರೆದು ಸುಣ್ಣ ತುಂಬಿದರೆ ಶೇ. 20. ಮನೆಯನ್ನು ಎರಡು ವರ್ಷ ಖಾಲಿ ಬಿಟ್ಟು ಸೋರಲು ಬಿಟ್ಟು ಆಮೇಲೆ ನವೀಕರಿಸಿದರೆ ಶೇ. 5. ಇನ್ನೊಮ್ಮೆ ಓದಿ. ಒಳಗಿದ್ದು ನೋಡಿಕೊಂಡವನಿಗೆ 20, ಬಿಟ್ಟುಹೋದವನಿಗೆ 5, ಕೆಡವಿದವನಿಗೆ 0.

2012ರವರೆಗೆ ಇನ್ನೂ ಒಂದು ತಮಾಷೆ ಇತ್ತು. ಲಿಸ್ಟೆಡ್ ಮನೆಗೆ ಅನುಮತಿ ಪಡೆದು ಬದಲಾವಣೆ ಮಾಡಿದರೆ ಸೊನ್ನೆ, ದುರಸ್ತಿ ಮಾಡಿದರೆ ಪೂರ್ತಿ ತೆರಿಗೆ. ಅಂದರೆ ಮುನ್ನೂರು ವರ್ಷದ ಗೋಡೆಯಲ್ಲಿ ಹೊಸ ಬಾಗಿಲು ಒಡೆಯಲು ತೆರಿಗೆಯಿಲ್ಲ, ಅದೇ ಗೋಡೆಯ ಬಿರುಕು ಮುಚ್ಚಲು ತೆರಿಗೆ. ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಈ ಅಸಂಗತಿಯನ್ನು ತೆಗೆದುಹಾಕುವುದಾಗಿ ಬಜೆಟ್‌ನಲ್ಲಿ ಘೋಷಿಸಿದರು. ದುರಸ್ತಿಗೂ ಸೊನ್ನೆ ಮಾಡುತ್ತಾರೆಂದು ನಂಬಿದವರು ಮೂರ್ಖರಾದರು. 2012ರ ಅಕ್ಟೋಬರ್ 1ರಿಂದ ಎರಡಕ್ಕೂ ಶೇ. 20. ಅಸಂಗತಿ ಹೋಯಿತು, ಅನ್ಯಾಯ ಉಳಿಯಿತು.

1877ರಲ್ಲಿ ವಿಲಿಯಂ ಮಾರಿಸ್ ಪುರಾತನ ಕಟ್ಟಡಗಳ ರಕ್ಷಣೆಗೆಂದು ಸಂಘ ಕಟ್ಟಿದಾಗ ಹೇಳಿದ ಮುಖ್ಯ ಮಾತು ಒಂದೇ. ಹಳೆಯದನ್ನು ಕಿತ್ತು ಹೊಸದಾಗಿ ‘ಹಳೆಯದು’ ಮಾಡಬೇಡಿ, ದಿನದಿನದ ಆರೈಕೆಯಿಂದ ಉಳಿಸಿಕೊಳ್ಳಿ. ಆತನೇ ಆಕ್ಸ್‌ಫರ್ಡ್‌ಶೈರ್‌ನ ಕೆಲ್ಮ್‌ಸ್ಕಾಟ್‌ನಲ್ಲಿ ಹಳೆಯ ಕಲ್ಲಿನ ರೈತಮನೆಯೊಂದನ್ನು 1871ರಲ್ಲಿ ಬಾಡಿಗೆಗೆ ಹಿಡಿದವನು. ಆ ಮನೆಯ ಮಾಡಿನ ಚಪ್ಪಡಿಗಳೂ ಕೆಳಗೆ ದೊಡ್ಡವು, ಮೇಲೆ ಚಿಕ್ಕವು. ಸುಮಾರು 150 ವರ್ಷ ಈ ದೇಶ ಮಾರಿಸ್‌ನನ್ನು ಕೊಂಡಾಡಿದೆ, ಅವನ ಹೂಬಳ್ಳಿಯ ಗೋಡೆಕಾಗದ ಮಾರಿದೆ. ಅವನು ಹೇಳಿದ ದಿನದಿನದ ಆರೈಕೆಗೆ ಮಾತ್ರ ದಂಡ ಹಾಕುತ್ತಿದೆ.

ಇದಕ್ಕೆ ಬರುವ ಉತ್ತರಗಳು ಗೊತ್ತಿವೆ. ಮೊದಲನೆಯದು: ಮನೆಗಳ ಕೊರತೆಯಿದೆ, ಹೊಸ ಮನೆಗೆ ಪ್ರೋತ್ಸಾಹ ಬೇಕು. ಒಪ್ಪಿದೆ. ಹೊಸದಕ್ಕೆ ತೆರಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಇರುವ ಮನೆ ಬಿದ್ದರೆ ಕೊರತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎರಡನೆಯದು: ಖಜಾನೆಗೆ ನಷ್ಟ. ಸರ್ಕಾರ ಮನಸ್ಸು ಮಾಡಿದರೆ ನಷ್ಟ ಅಡ್ಡಬರುವುದಿಲ್ಲ. 2022ರ ಏಪ್ರಿಲ್‌ನಿಂದ ಮನೆಗೆ ಸೋಲಾರ್ ಫಲಕ ಹಾಕಿಸಿದರೆ ವ್ಯಾಟ್ ಸೊನ್ನೆ. ಫಲಕಕ್ಕೆ ಸೊನ್ನೆ, ಅದನ್ನು ಹೊರುವ ಮಾಡಿನ ದುರಸ್ತಿಗೆ ಇಪ್ಪತ್ತು! ಇದೇ ವ್ಯಾಟ್ ಪದ್ಧತಿಯೊಳಗಿರುವ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ವಾಸದ ಮನೆಯ ದುರಸ್ತಿಗೆ ಶೇ. 5 ಮಾತ್ರ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಯಾಕೆ ಅಸಾಧ್ಯ?

ಮೂರನೆಯ ಉತ್ತರ ಎಲ್ಲಕ್ಕಿಂತ ಚಾಲಾಕಿನದು: ಹಳೆಯ ಕಲ್ಲಿನ ಮನೆ ಶ್ರೀಮಂತರ ಶೋಕಿ, ಕಟ್ಟಲಿ ಬಿಡಿ. ಇದಕ್ಕೆ ಒಂದು ಘಟನೆ ಹೇಳಬೇಕು. ಹೇಳಲು ನನಗೆ ನಾಚಿಕೆಯೂ ಇದೆ.

ಗುಡ್ಡದ ಆಚೆ ಮಗ್ಗುಲಲ್ಲಿ ಒಬ್ಬ ಅಜ್ಜಿ ಇದ್ದರು. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ, ಹುಲ್ಲುಗಾವಲನ್ನು ಪಕ್ಕದವರಿಗೆ ಬಾಡಿಗೆಗೆ ಕೊಟ್ಟಿದ್ದರು. ಮದುವೆಯಾಗಿ ಬಂದಂದಿನಿಂದ ಅದೇ ಲೇತ್ ಹೌಸ್‌ನಲ್ಲಿದ್ದವರು. ಮಾಡಿನ ಗೂಟಗಳು ಕೊಳೆತು ಚಪ್ಪಡಿಗಳು ಜಾರತೊಡಗಿದವು. ನಾನು ಲೆಕ್ಕಪತ್ರ ನೋಡುವವನೆಂದು ಯಾರೋ ಹೇಳಿ, ಅಂದಾಜುಪಟ್ಟಿ ಹಿಡಿದು ನಮ್ಮ ಅಡುಗೆಮನೆಗೆ ಬಂದರು. ಕೆಲಸಕ್ಕೆ 60,000 ಪೌಂಡ್, ಅದರ ಮೇಲೆ ವ್ಯಾಟ್ 12,000. ‘ಈ ಹನ್ನೆರಡು ಸಾವಿರದಲ್ಲಿ ಎಷ್ಟು ಚಪ್ಪಡಿ ಕೂರಿಸುತ್ತಾರೆ?’ ಅಂತ ಕೇಳಿದರು. ಒಂದೂ ಇಲ್ಲ ಅಂದೆ. ಬೇಸಾಯ ನಡೆಯುತ್ತಿದ್ದಾಗ, ವ್ಯಾಟ್ ನೋಂದಣಿ ಇದ್ದಾಗ, ರೈತಮನೆಯ ದುರಸ್ತಿಯ ತೆರಿಗೆಯಲ್ಲಿ ಶೇ. 70ರವರೆಗೆ ವಾಪಸು ಪಡೆಯಬಹುದಿತ್ತು. ಕುರಿ ಮಾರಿದ ದಿನ ಆ ಬಾಗಿಲೂ ಮುಚ್ಚಿತ್ತು. ಅವರ ಉಳಿತಾಯ ನೋಡಿದೆ, ಪಿಂಚಣಿ ನೋಡಿದೆ. ಕೆಲಸದ ಹಣವನ್ನು ಹೇಗೋ ಹೊಂದಿಸಬಹುದಿತ್ತು. ತೆರಿಗೆ ಸೇರಿದರೆ ಆಗುತ್ತಿರಲಿಲ್ಲ. ಮಾರಿಬಿಡಿ ಎಂದು ಹೇಳಿದವನು ನಾನೇ. ಲೆಕ್ಕ ಸರಿಯಾಗಿತ್ತು.

ಕೊಂಡದ್ದು ರಜೆಯ ಮನೆಗಳನ್ನು ಬಾಡಿಗೆಗೆ ಬಿಡುವ ಒಂದು ಉದ್ದಿಮೆ. ಮಾಡು ರಿಪೇರಿಯಾಯಿತು, ಚೆನ್ನಾಗಿಯೇ ಆಯಿತು. ನಿಯಮದ ಪ್ರಕಾರ ವ್ಯಾಟ್ ನೋಂದಣಿ ಇರುವ ಇಂಥ ಉದ್ದಿಮೆ ದುರಸ್ತಿಗೆ ತೆತ್ತ ವ್ಯಾಟನ್ನು ಸರ್ಕಾರದಿಂದ ಹಿಂಪಡೆಯಬಹುದು. ಅದೇ ಮನೆ, ಅದೇ ಮಾಡು, ಅವೇ ಚಪ್ಪಡಿಗಳು. ಬದುಕುವವರಿಗೆ ತೆರಿಗೆ, ರಜೆಗೆ ಬಾಡಿಗೆ ಕೊಡುವವರಿಗೆ ವಾಪಸು. ಕೊಟ್ಟಿಗೆಯಲ್ಲಿ ಈಗ ಬಿಸಿನೀರಿನ ತೊಟ್ಟಿಯಿದೆ. ಅಜ್ಜಿ ಊರಿನ ಫ್ಲ್ಯಾಟ್ ಒಂದರಲ್ಲಿ ಎರಡು ವರ್ಷ ಇದ್ದು ತೀರಿಕೊಂಡರು. ನಮ್ಮವರ ಫೋನಿನಲ್ಲಿ ಸಿಗುವ ಎಷ್ಟೋ ಚಿತ್ರಗಳು ಇಂಥ ಮನೆಗಳವೇ. ಅದನ್ನೇ ನಾವು ‘ಹೇಗೆ ಇಟ್ಟುಕೊಂಡಿದ್ದಾರೆ’ ಎಂದು ಕೊಂಡಾಡುವುದು.

ಈಗ ನಮ್ಮ ಕಡೆಗೆ. ಎರಡು ವರ್ಷದ ಹಿಂದೆ ಅಣ್ಣ ಫೋನು ಮಾಡಿದ. ಊರಿನ ಕಲ್ಲಿನ ಮನೆ ಕೆಡವಿ ಆರ್‌ಸಿಸಿ ಹಾಕುವ ವಿಚಾರ. ನಾನು ಇಲ್ಲಿಂದಲೇ ಉಪನ್ಯಾಸ ಬಿಗಿದೆ. ಅಜ್ಜನ ಮಗ್ಗ, ಕೆಂಪು ಕಲ್ಲು, ಬೇಸಿಗೆಯಲ್ಲಿ ತಂಪು, ಇಂಗ್ಲೆಂಡಿನವರು ಹೀಗೆ ಮಾಡುವುದಿಲ್ಲ, ಇತ್ಯಾದಿ. ಅವನು ಪೂರ್ತಿ ಕೇಳಿಸಿಕೊಂಡು ಅಂದ: ‘ತಮ್ಮಾ, ನೀ ಅಲ್ಲಿ ಕುಂತು ಹೇಳಾಕ ಬರ್ತದ. ಮಳಿಗಾಲದಾಗ ಮಾಳಿಗಿ ಸೋರಿದ್ರ ಹಾಸಿಗಿ ಎಲ್ಲಿ ಹಾಸೂದು ಅದನ್ನ ಹೇಳು. ಮ್ಯಾಲ ಮಣ್ಣು ಹಾಕಾವ್ರು ಸಿಗೂದಿಲ್ಲ. ಹೊಸಾ ಮನಿ ಅಂದ್ರ ಬ್ಯಾಂಕಿನಾವ್ರು ಕರದು ಸಾಲಾ ಕೊಡ್ತಾರ. ಹಳೇ ಮನಿ ರಿಪೇರಿ ಅಂದ್ರ ಮ್ಯಾನೇಜರ್ ನಗತಾನ.’

ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಕೂತು ನೋಡಿದರೆ ಮ್ಯಾನೇಜರ್ ನಕ್ಕದ್ದಕ್ಕೆ ಕಾರಣ ನಮ್ಮ ತೆರಿಗೆ ಪುಸ್ತಕದಲ್ಲೇ ಇತ್ತು. ನಾನು ಸಿ.ಎ. ಪರೀಕ್ಷೆಗೆ ಬಾಯಿಪಾಠ ಮಾಡಿದ ಆದಾಯ ತೆರಿಗೆಯ 24ನೇ ಸೆಕ್ಷನ್. ಹಳೆಯ ತೆರಿಗೆ ಪದ್ಧತಿಯಲ್ಲಿ, ಸ್ವಂತ ವಾಸದ ಮನೆ ಕಟ್ಟಲು ಅಥವಾ ಕೊಳ್ಳಲು ಮಾಡಿದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ. ದುರಸ್ತಿಗೆ ಮಾಡಿದ ಸಾಲಕ್ಕೆ 30,000 ರೂಪಾಯಿ. ಜಿಎಸ್‌ಟಿಯಲ್ಲಿಯೂ ಒಂಟಿ ಮನೆಯ ಬರೀ ಕೂಲಿ ಗುತ್ತಿಗೆಗೆ ಇರುವ ವಿನಾಯಿತಿ ‘ಒರಿಜಿನಲ್ ವರ್ಕ್ಸ್’ಗೆ, ಅಂದರೆ ಹೊಸ ಕೆಲಸಕ್ಕೆ. ಎರಡು ದೇಶ, ಎರಡು ಕಾನೂನು, ಒಂದೇ ಪಕ್ಷಪಾತ. ಯಾರ್ಕ್‌ಶೈರ್‌ನ ಅಜ್ಜಿಯೂ ಗುಳೇದಗುಡ್ಡದ ಕಡೆಯ ನಮ್ಮಣ್ಣನೂ ಒಂದೇ ದೋಣಿಯಲ್ಲಿದ್ದರು. ಸಂಸ್ಕಾರ ಇಬ್ಬರಲ್ಲೂ ಇತ್ತು. ಲೆಕ್ಕ ಇಬ್ಬರ ವಿರುದ್ಧವೂ ಇತ್ತು.

ಅದಕ್ಕೇ ನನ್ನ ಬೇಡಿಕೆಗಳು ಭಾವುಕವಾದವಲ್ಲ, ಎರಡು ಸಾಲಿನಲ್ಲಿ ಮುಗಿಯುತ್ತವೆ. ಬ್ರಿಟನ್ನಿನಲ್ಲಿ ವಾಸದ ಮನೆಯ ದುರಸ್ತಿಗೂ ಹೊಸ ಮನೆಗೂ ಒಂದೇ ವ್ಯಾಟ್ ದರ ಇರಲಿ. ಭಾರತದಲ್ಲಿ ದುರಸ್ತಿ ಸಾಲಕ್ಕೂ ಕಟ್ಟುವ ಸಾಲಕ್ಕೂ ಒಂದೇ ವಿನಾಯಿತಿ ಇರಲಿ. ಆಮೇಲೂ ಜನ ಕೆಡವಿದರೆ ಆಗ ಸಂಸ್ಕಾರದ ಬಗ್ಗೆ ಭಾಷಣ ಮಾಡೋಣ. ಮೊದಲನೆಯದನ್ನು ನನ್ನ ಕ್ಷೇತ್ರದ ಸಂಸದರಿಗೆ ಮೂರು ಸಲ ಬರೆದಿದ್ದೇನೆ. ಇಲ್ಲಿ ಮತದಾನದ ಹಕ್ಕಿರುವ ನೀವೂ ಬರೆಯಿರಿ. ಕಾಟ್ಸ್‌ವೋಲ್ಡ್ಸ್‌ಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋದಾಗ ಆ ಮನೆಯಲ್ಲಿ ಯಾರಾದರೂ ಬದುಕುತ್ತಿದ್ದಾರೆಯೇ ಎಂದು ಒಮ್ಮೆ ಕೇಳಿ.

ಅಣ್ಣನಿಗೆ ಆಮೇಲೆ ಉಪದೇಶ ಮಾಡಲಿಲ್ಲ. ಮಾಳಿಗೆಗೆ ಹೊಸ ಮಣ್ಣು, ಎರಡು ಜಂತಿ ಬದಲಾಯಿಸಲು ಗೌಂಡಿಯ ಖರ್ಚು ನನ್ನದು ಎಂದೆ. ಕಳೆದ ಮಳೆಗಾಲ ಒಂದು ಮೂಲೆ ಬಿಟ್ಟರೆ ಸೋರಲಿಲ್ಲವಂತೆ. ಈ ಮಳೆಗಾಲ ನೋಡಿ ಹೇಳುತ್ತೇನೆ ಅಂದಿದ್ದಾನೆ. ಕೆಡವುವ ಮಾತನ್ನು ಪೂರ್ತಿ ಬಿಟ್ಟಿಲ್ಲ. ಇಲ್ಲಿ ನನ್ನ ಉತ್ತರದ ಗೋಡೆಯಲ್ಲಿ ಇನ್ನೂ ಅರ್ಧದಷ್ಟು ಸಿಮೆಂಟು ಬಾಕಿಯಿದೆ. ಹಿಮ ಬೀಳುವ ಕಾಲದಲ್ಲಿ ಸುಣ್ಣದ ಕೆಲಸ ಮಾಡುವಂತಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಶುರು, ಶೇ. 20 ಸೇರಿಸಿ.